ಕೆನೆಯ ಕುದುರೆ, ಹೊನ್ನಿನ ಮರಿ

ಘಾಟಿ ಸುಬ್ರಹ್ಮಣ್ಯದ ದನಗಳ ಜಾತ್ರೆಗೆ ಹಳ್ಳಿಕಾರ್ ಹೋರಿಗಳನ್ನು ನೋಡುವ ನೆವದಿಂದ ಹೋಗಿದ್ದವನು, ಹಿಂದಿರುಗುವ ದಾರಿಯಲ್ಲಿ, ದೊಡ್ಡಬಳ್ಳಾಪುರದ ಸಮೀಪ ಹಿಪ್ಪುನೇರಳೆಯ ತೋಟವನ್ನೂ ಅದರ ಅಂಚಿನಲ್ಲಿ ಒಂದು ಚಿಕ್ಕ ಲಾಯವನ್ನೂ ಇಟ್ಟುಕೊಂಡಿರುವ ಹಳೆಯ ಪರಿಚಿತರೊಬ್ಬರ ಬಳಿ ಅರ್ಧ ದಿವಸ ನಿಂತುಬಿಟ್ಟೆನು. ರೇಷ್ಮೆ ಅವರಿಗೆ ತಂದೆಯಿಂದ ಬಂದ ಕಸುಬು. ಕುದುರೆ ಮಧ್ಯವಯಸ್ಸಿನಲ್ಲಿ ಹತ್ತಿದ ಹುಚ್ಚು. ಲಾಯದಲ್ಲಿ ಎರಡು ಹೆಣ್ಣು ಕುದುರೆಗಳಿದ್ದುವು. ಒಂದರ ಮೈ ಆಗತಾನೆ ಪುಟವಿಟ್ಟ ಚಿನ್ನದಂತೆ, ಕೇಸರವೂ ಬಾಲವೂ ಬೆಳ್ಳಿಯ ಎಳೆಗಳಂತೆ. ಅದು ಉತ್ತರದೇಶದ ವ್ಯಾಪಾರಿಗೆ ಕೇಳಿದಷ್ಟು ಕೊಟ್ಟು ತಂದದ್ದು. ಇನ್ನೊಂದು ಪಂದ್ಯದ ಬಯಲಿನಿಂದ ನಿವೃತ್ತವಾಗಿ ಬಂದ ಕೆಂಗಂದು ಕುದುರೆ; ಮೊಮ್ಮಕ್ಕಳು ಅದನ್ನು ಕೆಂಪಿ ಎಂದು ಕರೆಯುತ್ತಿದ್ದರು, ಹಿರಿಯರು ಕರೆಯುತ್ತಲೇ ಇರಲಿಲ್ಲ. ಆ ದಿನ ಚರ್ಚೆಗೆ ಬಂದದ್ದು ನೆರೆಯ ತೋಟದವರು ಮದುವೆಯ ಮೆರವಣಿಗೆಗಳಿಗೆಂದು ತಂದಿದ್ದ ಗಂಡು ಕುದುರೆ. ಅದರ ಮೈ ಕಾಯಿಸಿದ ಹಾಲಿನ ಕೆನೆಯ ಬಣ್ಣ, ಮೂತಿ ಗುಲಾಬಿ, ಕಣ್ಣು ತಿಳಿನೀಲಿ.

“ಅಲ್ಲ ಸ್ವಾಮಿ, ನೀವೇ ಯೋಳಿ. ನೋಡಿದ್ರೆ ಬಣ್ಣ ಬುಟ್ಟೋದ ಬಟ್ಟೆ ಇದ್ದಂಗೈತೆ. ಚಿನ್ನದಂಥ ನನ್ನ ಹೆಣ್ಣನ್ನ ಅದುಕ್ಕೆ ಕೊಟ್ರೆ ಮರಿ ಇನ್ನೂ ಬಿಳಿಚ್ಕೊಂಡು ಹುಟ್ಟಾಕಿಲ್ವಾ? ಹೊನ್ನಿನ ಮರಿ ಬೇಕು ಅಂದ್ರೆ ಹೊನ್ನಿನ ಗಂಡೇ ಹುಡುಕ್ಬೇಕು” ಎಂದರು ಅವರು.

ನೂಲಿನಂತೆ ಸೀರೆ, ತಾಯಿಯಂತೆ ಮಗಳು ಎಂಬ ಗಾದೆ ಮಗ್ಗದ ಸದ್ದಿನ ನಡುವೆ ಬೆಳೆದ ದೊಡ್ಡಬಳ್ಳಾಪುರದವರಿಗೆ ಬಾಯಿಪಾಠವಾಗಿರುವಾಗ, ಅವರ ತರ್ಕದಲ್ಲಿ ತಪ್ಪು ಹುಡುಕುವುದು ಸುಲಭವಲ್ಲ. ಆದರೂ ಕುದುರೆಯ ಬಣ್ಣದ ವಿಷಯದಲ್ಲಿ ಮಾತ್ರ ಈ ತರ್ಕವು ಮನುಷ್ಯನನ್ನು ದಾರಿ ತಪ್ಪಿಸುತ್ತದೆ. ಹೊನ್ನು ಹೊನ್ನನ್ನೇ ಹೆರುವುದೆಂಬ ನಿಶ್ಚಯವಿಲ್ಲ. ಅವರು ಬಣ್ಣಗೆಟ್ಟದ್ದೆಂದು ತಿರಸ್ಕರಿಸಿದ ಕುದುರೆಯೂ ಹೆಸರು ಹಿಡಿದು ಕರೆಯದಿದ್ದ ಕೆಂಪಿಯೂ ಕೂಡಿದರೆ ಹುಟ್ಟುವ ಮರಿಯ ಮೈ ಮಾತ್ರ ತಪ್ಪದೆ ಹೊನ್ನಿನದಾಗಿರುವುದು. ಇದು ಹೇಗೆಂಬುದನ್ನು ಅಂದು ಲಾಯದ ಮುಂದೆ ಅವರಿಗೆ ವಿವರಿಸಿದಂತೆಯೇ ಇಲ್ಲಿಯೂ ವಿವರಿಸುವುದು ಈ ಬರಹದ ಉದ್ದೇಶ.

ಬಣ್ಣದಿಂದ ಕುದುರೆಯನ್ನು ಅಳೆಯುವ ಅಭ್ಯಾಸ ನಮ್ಮ ದೇಶದಲ್ಲಿ ನಿನ್ನೆ ಮೊನ್ನೆಯದಲ್ಲ. ಹನ್ನೆರಡನೆಯ ಶತಮಾನದಲ್ಲಿ ಕಲ್ಯಾಣದಿಂದ ಆಳಿದ ಚಾಳುಕ್ಯ ಚಕ್ರವರ್ತಿ ಮೂರನೆಯ ಸೋಮೇಶ್ವರನು ತನ್ನ ಮಾನಸೋಲ್ಲಾಸದಲ್ಲಿ ಅರಸರ ವಿನೋದಗಳನ್ನು ವರ್ಣಿಸುವಾಗ ಕುದುರೆಯಾಟವಾದ ವಾಜಿವಾಹ್ಯಾಲಿಗೆ ಪ್ರತ್ಯೇಕ ಸ್ಥಾನವನ್ನು ಕೊಟ್ಟನು. ಅದೇ ಶತಮಾನದ ಗುಜರಾತಿನ ಜೈನಾಚಾರ್ಯ ಹೇಮಚಂದ್ರನು ಅಭಿಧಾನಚಿಂತಾಮಣಿಯೆಂಬ ತನ್ನ ಕೋಶದಲ್ಲಿ ಕುದುರೆಗಳನ್ನು ಬಣ್ಣಬಣ್ಣವಾಗಿ ವಿಂಗಡಿಸಿ ಒಂದೊಂದಕ್ಕೂ ಒಂದೊಂದು ಹೆಸರನ್ನು ದಾಖಲಿಸಿದನು. ಪೀಯೂಷವರ್ಣದ ಕುದುರೆ ಸೇರಾಹ. ಪೀಯೂಷವೆಂದರೆ ಅಮೃತವೂ ಹೌದು, ಆಗತಾನೆ ಈದ ಹಸುವಿನ ಗಿಣ್ಣುಹಾಲೂ ಹೌದು ಎಂಬುದನ್ನು ನೆನೆದರೆ ನೆರೆಯ ತೋಟದ ಆ ಕುದುರೆಯೇ ಕಣ್ಣ ಮುಂದೆ ನಿಲ್ಲುವುದು. ಕಪಿಲವರ್ಣದ ಮೈಗೆ ಬಿಳಿಚಿದ ಕೇಸರವೂ ಬಾಲವೂ ಇದ್ದರೆ ಅದು ವೊಲ್ಲಾಹ. ಮೈ ತುಸು ಹಳದಿಯಾಗಿ ಮೊಣಕಾಲು ಕಪ್ಪಾಗಿದ್ದರೆ ಕುಲಾಹ. ಈ ಹೆಸರುಗಳು ಸಂಸ್ಕೃತದ ನುಡಿಗಟ್ಟಿಗೆ ಹೊಂದದೆ ಪರದೇಶದ ವ್ಯಾಪಾರಿಗಳ ಬಾಯಿಂದ ಬಂದಂತೆ ತೋರುತ್ತವೆಯೆಂದು ವಿದ್ವಾಂಸರು ಹೇಳಿರುವರು. ಎಲ್ಲಿಂದಲೇ ಬಂದಿರಲಿ, ಇಂದು ಪಾಶ್ಚಾತ್ಯರು ಕ್ರೆಮೆಲೊ, ಪಾಲಮೀನೊ, ಬಕ್‌ಸ್ಕಿನ್ ಎಂದು ಕರೆಯುವ ಮೂರು ಬಣ್ಣಗಳಿಗೆ ಬಹಳ ಸಮೀಪವಾದ ಮೂರು ವರ್ಣನೆಗಳು ಎಂಟುನೂರು ವರ್ಷಗಳ ಹಿಂದಿನ ಒಂದೇ ಪಟ್ಟಿಯಲ್ಲಿ ಕೂಡಿ ಬಂದಿರುವುದು ನೋಡುವ ಕಣ್ಣಿನ ಸೂಕ್ಷ್ಮತೆಗೆ ಸಾಕ್ಷಿ. ಅವು ಮೂರೂ ಒಂದೇ ಮನೆತನದವೆಂಬುದನ್ನು ಹೇಳಲು ಮಾತ್ರ ಆ ಕಾಲದ ಕಣ್ಣಿಗೆ ಸಾಧನವಿರಲಿಲ್ಲ.

ಕುದುರೆಯ ಗೊರಸಿನ ಸದ್ದು ಈ ಸೀಮೆಗೂ ಹೊಸತಲ್ಲ. 1749ರ ದೇವನಹಳ್ಳಿಯ ಮುತ್ತಿಗೆಯಲ್ಲಿ ತೋರಿದ ಶೌರ್ಯಕ್ಕಾಗಿ ಹೈದರ್ ಅಲಿಗೆ ದೊರೆತ ಮೊದಲ ನಾಯಕತ್ವವೆಂದರೆ 50 ಸವಾರರ ಮತ್ತು 200 ಕಾಲಾಳುಗಳ ತುಕಡಿ. ಮುಂದೆ ಹೈದರನ ಮತ್ತು ಅವನ ಮಗನ ದಂಡಿಗೆ ಕುದುರೆಯನ್ನು ಒದಗಿಸಿದ ಕುಣಿಗಲ್ಲಿನ ಅಶ್ವಶಾಲೆ, ನೆಲಮಂಗಲವನ್ನು ದಾಟಿ ಹಾಸನದ ಹೆದ್ದಾರಿಯನ್ನು ಹಿಡಿದವರಿಗೆ ಇಂದಿಗೂ ದಾರಿಯಲ್ಲಿ ಸಿಕ್ಕುವುದು. ದಂಡಿನ ಕಾಲ ಕಳೆದು, ಕಂಪನಿಯ ಮತ್ತು ಮೈಸೂರು ಸಂಸ್ಥಾನದ ಆಡಳಿತಗಳನ್ನು ಕಂಡು, ಈಚಿನ ಕಾಲದಲ್ಲಿ ಅದು ಹೆಸರಾದದ್ದು ಪಂದ್ಯದ ಥರೋಬ್ರೆಡ್ ತಳಿಗೆ. ಆ ತಳಿಯಲ್ಲಿ ಕಂದು, ಕೆಂಗಂದು, ಬೂದು ಧಾರಾಳ. ಹೊಂಬಣ್ಣ ಅತಿ ವಿರಳ. ಅದಕ್ಕೆ ಕಾರಣ ಆ ತಳಿಯ ರಕ್ತದಲ್ಲಿ ನಾವೀಗ ಹೇಳಲಿರುವ ಒಂದು ವಂಶವಾಹಿ ಬಹುಮಟ್ಟಿಗೆ ಇಲ್ಲದಿರುವುದು. ಮಾರವಾಡ ಮತ್ತು ಕಾಠೇವಾಡದ ದೇಶೀಯ ತಳಿಗಳಲ್ಲಾದರೆ ಅದು ಹಿಂದಿನಿಂದಲೂ ಹರಿದು ಬಂದಿದೆ.

ಕುದುರೆಯ ಮೈಗೆ ಬಣ್ಣ ಹಚ್ಚಲು ಪ್ರಕೃತಿಯು ಇಟ್ಟುಕೊಂಡಿರುವ ರಂಗುಗಳು ಎರಡೇ, ಕಪ್ಪು ಮತ್ತು ಕೆಂಪು. ಉಳಿದುವೆಲ್ಲ ಇವೆರಡನ್ನು ಎಲ್ಲಿ ಹಚ್ಚಬೇಕು, ಎಷ್ಟು ತೆಳುವಾಗಿ ಹಚ್ಚಬೇಕು ಎಂಬುದರ ವಿಲಾಸ. ಕಪ್ಪನ್ನು ತಯಾರಿಸಬಹುದೆಂಬ ಅಪ್ಪಣೆಯನ್ನು ಕೊಡುವ ವಂಶವಾಹಿಯೊಂದುಂಟು. ತಂದೆಯಿಂದ ಒಂದು, ತಾಯಿಯಿಂದ ಒಂದು ಎಂದು ಬರುವ ಅದರ ಎರಡು ಪ್ರತಿಗಳೂ ಕೆಟ್ಟಿದ್ದರೆ ಕಪ್ಪು ಹುಟ್ಟುವುದೇ ಇಲ್ಲ, ಮೈಯೆಲ್ಲ ಕೆಂಪಾಗಿ ಕೆಂಗಂದು ಕುದುರೆಯಾಗುವುದು. ಕಪ್ಪಿಗೆ ಅಪ್ಪಣೆಯಿದ್ದಲ್ಲಿ ಎರಡನೆಯ ವಂಶವಾಹಿಯೊಂದು ಅದನ್ನು ಕೇಸರ, ಬಾಲ, ಕಾಲುಗಳ ತುದಿಗಷ್ಟೇ ಕಟ್ಟಿಹಾಕುವುದು. ಆಗ ಕಂದು ಮೈಯ, ಕರಿಯ ಕೇಸರದ ಕುದುರೆ, ಪಂದ್ಯದವರು ಬೇ ಎನ್ನುವುದು, ಹುಟ್ಟುತ್ತದೆ. ಆ ಕಟ್ಟೂ ಇಲ್ಲದಿದ್ದರೆ ಆಪಾದಮಸ್ತಕ ಕಪ್ಪು. ಮೆಂಡೆಲನ ಬಟಾಣಿಯ ನಿಯಮಗಳು 1900ರಲ್ಲಿ ಮತ್ತೆ ಬೆಳಕಿಗೆ ಬಂದ ಕೆಲವೇ ವರ್ಷಗಳಲ್ಲಿ, ಎಂದರೆ 1906ರಲ್ಲಿ, ಇಂಗ್ಲೆಂಡಿನ ಸಿ. ಸಿ. ಹರ್ಸ್ಟ್ ಎಂಬಾತನು ಪಂದ್ಯದ ಕುದುರೆಗಳ ವಂಶಾವಳಿಯ ಪುಸ್ತಕಗಳನ್ನು ತಿರುವಿ, ಕೆಂಗಂದಿಗೂ ಕೆಂಗಂದಿಗೂ ಕೂಡಿದಾಗ ಹುಟ್ಟುವ ಮರಿ ಕೆಂಗಂದೇ ಎಂಬುದನ್ನು ತೋರಿಸಿದನು. ಕಪ್ಪಿನ ಅಪ್ಪಣೆ ತಂದೆತಾಯಿಗಳಿಬ್ಬರಲ್ಲಿಯೂ ಇಲ್ಲದ ಮೇಲೆ ಮರಿಗೆ ಅದು ಎಲ್ಲಿಂದ ಬರಬೇಕು? ಹರ್ಸ್ಟನು ದಾಖಲೆಗಳಿಂದ ಊಹಿಸಿದ ಆ ಕೆಟ್ಟ ಪ್ರತಿಯನ್ನು ವಂಶವಾಹಿಯಲ್ಲಿಯೇ ಗುರುತಿಸಿದ್ದು 1996ರಲ್ಲಿ.

ಈಗ ಕೆನೆಗೆ ಬರೋಣ. ಕುದುರೆಗೆ 32 ಜೊತೆ ವರ್ಣತಂತುಗಳುಂಟು. ಅವುಗಳಲ್ಲಿ 21ನೆಯದರ ಮೇಲೆ, ರಂಗನ್ನು ತಯಾರಿಸುವ ಕೋಶಗಳ ಒಳಗಿನ ಸಾಗಾಟಕ್ಕೆ ಸಂಬಂಧಪಟ್ಟ ವಂಶವಾಹಿಯೊಂದಿದೆ. ಅದರ ಬರಹದಲ್ಲಿ ಒಂದೇ ಒಂದು ಅಕ್ಷರ ಪಲ್ಲಟವಾದುದರಿಂದ ರಂಗು ತೆಳುವಾಗುತ್ತದೆಯೆಂದು ಫ್ರಾನ್ಸಿನ ಸಂಶೋಧಕರು 2003ರಲ್ಲಿ ಪ್ರಕಟಿಸಿದರು. ಪಲ್ಲಟವಾದ ಪ್ರತಿಯನ್ನು ನಾವು ಕೆನೆಯೆಂದು ಕರೆಯೋಣ. ಇದರ ಸ್ವಭಾವ ವಿಚಿತ್ರವಾದದ್ದು. ಒಂದೇ ಪ್ರತಿ ಇದ್ದರೆ ಅದು ಕೆಂಪನ್ನು ಮಾತ್ರ ತಿಳಿಯಾಗಿಸಿ, ಕಪ್ಪನ್ನು ಹೆಚ್ಚುಕಡಮೆ ಮುಟ್ಟದೆ ಬಿಡುವುದು. ಆದಕಾರಣ ಕೆಂಗಂದು ಮೈಗೆ ಒಂದು ಕೆನೆ ಬಿದ್ದರೆ ಅದು ಹೊನ್ನಾಗಿ, ಕೇಸರವೂ ಬಾಲವೂ ಬೆಳ್ಳಗಾಗುವುವು. ಬೇ ಮೈಗೆ ಬಿದ್ದರೆ ಒಡಲು ಹಳದಿಯಾಗಿ, ಕೇಸರವೂ ಕಾಲೂ ಕಪ್ಪಾಗಿಯೇ ಉಳಿಯುವುವು. ಅಪ್ಪಟ ಕಪ್ಪಿಗೆ ಬಿದ್ದರೆ ಬಿದ್ದದ್ದೇ ತಿಳಿಯದು. ಎರಡು ಪ್ರತಿಗಳು ಕೂಡಿದರೆ ಕೆಂಪೂ ಕಪ್ಪೂ ಎರಡೂ ತೊಳೆದುಹೋಗಿ, ಕೂದಲು ಕೆನೆಯ ಬಣ್ಣವನ್ನು ತಾಳಿ, ಚರ್ಮ ಗುಲಾಬಿಯಾಗಿ, ಕಣ್ಣು ನೀಲಿಯಾಗುವುದು. ನೆರೆಯ ತೋಟದ ಕುದುರೆ ಈ ಎರಡನೆಯ ಬಗೆಯದು. ಅದರ ಮೈಯಲ್ಲಿ ಹೊನ್ನು ಕಾಣಿಸದಿರುವುದಕ್ಕೆ ಕಾರಣ ಹೊನ್ನನ್ನು ಮಾಡುವ ದ್ರವ್ಯವು ಅಲ್ಲಿ ಎರಡು ಪಾಲು ಸುರಿದಿರುವುದೇ.

ಇಷ್ಟು ಹೇಳಿದಾಗ ಅವರ ಮುಖದಲ್ಲಿ ಸಂದೇಹವು ಕದಲಲಿಲ್ಲ. ಪಡಸಾಲೆಯಲ್ಲಿ ಮೊಮ್ಮಕ್ಕಳು ಚೌಕಾಬಾರದ ಮನೆಯನ್ನು ಬರೆದು, ಒಂದು ಮಗ್ಗುಲನ್ನು ಕಲ್ಲಿಗೆ ತೇದು ಬಿಳುಪು ಮಾಡಿದ ಹುಣಿಸೆಯ ಬೀಜಗಳನ್ನು ಎಸೆಯುತ್ತಿದ್ದರು. ಅವುಗಳನ್ನೇ ಕೈಗೆ ತೆಗೆದುಕೊಂಡೆನು. ಬಿಳಿಯ ಮಗ್ಗುಲು ಕೆನೆ, ಕರಿಯ ಮಗ್ಗುಲು ಕೆನೆಯಲ್ಲದ್ದು. ಒಂದು ಕುದುರೆಯಲ್ಲಿ ಪ್ರತಿಗಳು ಎರಡಿದ್ದರೂ ಮರಿಗೆ ಅದು ಕೊಡುವುದು ಒಂದನ್ನೇ. ಎಂದರೆ ತಂದೆಯೊಂದು ಬೀಜವನ್ನೆಸೆಯಬೇಕು, ತಾಯಿಯೊಂದು. ಹೊನ್ನಿನ ಕುದುರೆಯಲ್ಲಿ ಕೆನೆಯ ಪ್ರತಿ ಒಂದು, ಸಾದಾ ಪ್ರತಿ ಒಂದು. ಅದರ ಕೈಯಲ್ಲಿರುವುದು ತೇದ ಬೀಜ, ಯಾವ ಮಗ್ಗುಲಾದರೂ ಬೀಳಬಹುದು. ಕೆಂಪಿಯ ಬೀಜಕ್ಕೆ ಎರಡು ಮಗ್ಗುಲೂ ಕಪ್ಪು. ಕೆನೆಯ ಗಂಡಿನ ಬೀಜವು ಎರಡು ಕಡೆಯೂ ತೇದದ್ದು. ಹೇಗೆ ಎಸೆದರೂ ಬಿಳುಪೇ.

ಹೊನ್ನಿನ ಗಂಡಿಗೆ ಹೊನ್ನಿನ ಹೆಣ್ಣನ್ನು ಕೂಡಿಸಿದರೆ ಎರಡು ತೇದ ಬೀಜಗಳನ್ನು ಎಸೆದಂತೆ. ನಾಲ್ಕರಲ್ಲಿ ಒಂದು ಸಲ ಎರಡೂ ಕಪ್ಪಾಗಿ ಬಿದ್ದು ಮರಿ ಬರಿಯ ಕೆಂಗಂದಾಗುವುದು. ಒಂದು ಸಲ ಎರಡೂ ಬಿಳುಪಾಗಿ ಬಿದ್ದು ನೀಲಿಗಣ್ಣಿನ ಕೆನೆಯ ಮರಿ ಹುಟ್ಟುವುದು. ಉಳಿದ ಎರಡು ಸಲ ಮಾತ್ರ ಹೊನ್ನು. ಹೊನ್ನಿನ ಹೆಣ್ಣನ್ನು ಕೆನೆಯ ಗಂಡಿಗೆ ಕೊಟ್ಟರೆ ಅರ್ಧ ಹೊನ್ನು, ಅರ್ಧ ಕೆನೆ. ಕೆಂಗಂದು ಗಂಡಿಗೆ ಕೊಟ್ಟರೆ ಅರ್ಧ ಹೊನ್ನು, ಅರ್ಧ ಕೆಂಗಂದು. ಈ ಮೂರು ಲೆಕ್ಕಗಳನ್ನು ಒಟ್ಟಿಗೆ ಇಟ್ಟು ನೋಡಿದವರಿಗೆ ಒಂದು ಸೋಜಿಗ ಹೊಳೆಯುವುದು: ಅಷ್ಟು ಬೆಲೆ ಕೊಟ್ಟು ತಂದ ಹೊನ್ನಿನ ಹೆಣ್ಣನ್ನು ಈ ಮೂವರಲ್ಲಿ ಯಾರಿಗೆ ಕೊಟ್ಟರೂ ಹೊನ್ನಿನ ಮರಿಯ ಸಂಭವ ಅರ್ಧಕ್ಕಿಂತ ಮೇಲೇರದು. ಇನ್ನು ಕೆಂಪಿಯನ್ನು ಕೆನೆಯ ಗಂಡಿಗೆ ಕೊಟ್ಟರೋ, ಅವಳದು ಯಾವಾಗಲೂ ಕಪ್ಪು, ಅವನದು ಯಾವಾಗಲೂ ಬಿಳುಪು. ಗಂಡಿನಲ್ಲಿ ಕಪ್ಪಿನ ಅಪ್ಪಣೆ ಇಲ್ಲದ ಪಕ್ಷದಲ್ಲಿ, ಹತ್ತು ಮರಿ ಹಾಕಿದರೆ ಹತ್ತೂ ಹೊನ್ನು.

ಅವರು ಬಹಳ ಹೊತ್ತು ಸುಮ್ಮನಿದ್ದರು. ಅನಂತರ ರೇಷ್ಮೆಹುಳು ಗೂಡು ಕಟ್ಟುವ ಚಂದ್ರಿಕೆಗಳನ್ನು ಒರಗಿಸಿದ್ದ ಕಡೆಗೆ ನೋಡಿ, “ಅಂದ್ರೆ ಸಿ.ಬಿ. ಗೂಡಿನ ಕತೆ ಅನ್ನಿ” ಎಂದರು.

ನಾನು ಹುಡುಕುತ್ತಿದ್ದ ದೃಷ್ಟಾಂತವು ಅವರ ಮನೆಯಲ್ಲಿಯೇ ಇದ್ದಿತು. ವಿಜಯಪುರದ ಗೂಡಿನ ಮಾರುಕಟ್ಟೆಗೆ ಹಳದಿಯ ಸಿ.ಬಿ. ಗೂಡನ್ನು ಒಯ್ಯುವ ಪ್ರತಿಯೊಬ್ಬ ಬೆಳೆಗಾರನೂ ಬಲ್ಲನು, ಆ ಗೂಡು ಮೈಸೂರು ತಳಿಯ ಹೆಣ್ಣಿಗೂ ಬಿಳಿಯ ಗೂಡಿನ ಬೈವೋಲ್ಟೀನ್ ಗಂಡಿಗೂ ಹುಟ್ಟಿದ ಮಿಶ್ರತಳಿಯದೆಂದು. ಎಷ್ಟು ಒಳ್ಳೆಯ ಬೆಳೆ ಬಂದರೂ ಅದರ ಚಿಟ್ಟೆಗಳಿಂದ ಮುಂದಿನ ಬೆಳೆಗೆ ಮೊಟ್ಟೆ ಇಡಿಸಕೂಡದೆಂದು. ಇಡಿಸಿದರೆ ಮರುಪೀಳಿಗೆಯಲ್ಲಿ ಹಳದಿಯೂ ಬಿಳಿಯೂ, ಗಟ್ಟಿಯೂ ಜೊಳ್ಳೂ ಬೆರೆತು ಹೊರಡುವುವೆಂದು. ಅದಕ್ಕಾಗಿಯೇ ಪ್ರತಿ ಬೆಳೆಗೂ ಹೊಸ ಮೊಟ್ಟೆ, ಹೊಸ ಚಾಕಿಹುಳು. ಹರ್ಸ್ಟನು ಕುದುರೆಯ ಪುಸ್ತಕಗಳನ್ನು ತಿರುವಿದ ಆ 1906ರಲ್ಲಿಯೇ ಜಪಾನಿನ ತೊಯಾಮ ಕಾಮೆತಾರೊ ಎಂಬ ವಿಜ್ಞಾನಿ ರೇಷ್ಮೆಹುಳುವಿನ ಮಿಶ್ರತಳಿಗಳಲ್ಲಿ ಮೆಂಡೆಲನ ನಿಯಮವು ನಡೆಯುವುದನ್ನು ಪ್ರಕಟಿಸಿದ್ದನು. ಹೊನ್ನಿನ ಕುದುರೆಯೂ ಒಂದು ಬಗೆಯ ಮಿಶ್ರತಳಿಯೇ. ಅದು ಒಂದು ತಳಿಯಾಗಿ ನೆಲೆಗೊಳ್ಳಲಾರದು. ಪ್ರತಿ ಸಲವೂ ಹೊಸದಾಗಿ ಕೂಡಿಸಿಕೊಳ್ಳಬೇಕಾದ ಬಣ್ಣ ಅದು.

ಇಷ್ಟಕ್ಕೆ ಲೆಕ್ಕ ಮುಗಿಯಿತೆಂದುಕೊಂಡು ಕೆನೆಯ ಗಂಡು ಸಿಕ್ಕಿದ ಕೂಡಲೆ ಕೈಗೆ ಸಿಕ್ಕಿದ ಹೆಣ್ಣನ್ನು ಕೂಡಿಸುವವರು ಮೋಸಹೋಗುವ ಎಡೆಗಳು ಕೆಲವುಂಟು. ಹೆಣ್ಣು ಕೆಂಗಂದಾಗಿರದೆ ಬೇ ಆಗಿದ್ದರೆ, ಅದು ಕಪ್ಪಿನ ಅಪ್ಪಣೆಯನ್ನೂ ಮರಿಗೆ ದಾಟಿಸಬಹುದು. ಆಗ ಹುಟ್ಟುವುದು ಕರಿಯ ಕಾಲಿನ ಹಳದಿ ಮರಿ. ಗಂಡಿನ ವಿಷಯದಲ್ಲಿಯೂ ಇದೇ ಎಚ್ಚರ ಬೇಕು. ಬೇ ಮೈಯನ್ನು ಎರಡು ಕೆನೆಗಳು ತೊಳೆದರೆ ಹುಟ್ಟುವ ಪರ್ಲಿನೊ, ಕೆಂಗಂದನ್ನು ತೊಳೆದಾಗ ಹುಟ್ಟುವ ಕ್ರೆಮೆಲೊ, ಇವೆರಡೂ ದೂರದಿಂದ ಒಂದೇ ಆಗಿ ತೋರುವುವು; ಕೇಸರ ಬಾಲಗಳಲ್ಲಿ ತುಸು ಕೆಂಚುಛಾಯೆ ಉಳಿದಿದ್ದರೆ ಪರ್ಲಿನೊ ಎಂದು ಊಹಿಸಬಹುದಾದರೂ ಊಹೆ ಊಹೆಯೇ. ಕರಿಯ ಕುದುರೆಯೊಳಗೆ ಅಡಗಿದ ಕೆನೆಯಂತೂ ಅನೇಕ ಮನಸ್ತಾಪಗಳಿಗೆ ಮೂಲವಾಗಬಲ್ಲದು: ಕರಿಯ ಗಂಡಿಗೆ ಕೆಂಗಂದು ಹೆಣ್ಣನ್ನು ಕೊಟ್ಟಾಗ ಹೊನ್ನಿನ ಮರಿ ಹುಟ್ಟಿದರೆ, ಬೇಲಿ ಹಾರಿ ಬಂದವರು ಯಾರೆಂದು ಸಂಶಯಪಡುವುದು ಸಹಜ; ಆದರೆ ತಪ್ಪು ಬೇಲಿಯದಲ್ಲ, ಕಪ್ಪು ಬಣ್ಣವು ತನ್ನೊಳಗಿನ ಕೆನೆಯನ್ನು ಬಚ್ಚಿಟ್ಟದ್ದು. ಈ ಎಲ್ಲ ಸಂದೇಹಗಳಿಗೂ ಇಂದು ಇರುವ ಪರಿಹಾರ ಸರಳ. ಕೇಸರದಿಂದ ಬೇರುಸಹಿತ ಕಿತ್ತ ಒಂದು ಹಿಡಿ ಕೂದಲನ್ನು ಪರೀಕ್ಷಾಲಯಕ್ಕೆ ಕಳುಹಿಸಿದರೆ ಯಾವ ವಂಶವಾಹಿಯ ಎಷ್ಟು ಪ್ರತಿಗಳಿವೆಯೆಂಬುದು ಬರಹದಲ್ಲಿ ಬರುವುದು.

ಬಿಳುಪಿನ ವಿಷಯದಲ್ಲಿ ಇನ್ನೂ ದೊಡ್ಡ ಮೋಸವೊಂದುಂಟು. ನಮ್ಮ ಕಡೆಯ ಮದುವೆಗಳಲ್ಲಿ ವರನನ್ನು ಹೊರುವ ಬಿಳಿಯ ಕುದುರೆಗಳೆಲ್ಲ ಒಂದೇ ಜಾತಿಯ ಬಿಳುಪಲ್ಲ. ಕೆಲವು ಹುಟ್ಟುವಾಗ ಕಪ್ಪಾಗಿಯೋ ಕಂದಾಗಿಯೋ ಇದ್ದು, ವರ್ಷ ವರ್ಷಕ್ಕೂ ನರೆಯುತ್ತ ಹೋಗಿ, ಕೊನೆಗೆ ಬೆಳ್ಳಗಾದವು. ಅವುಗಳ ಚರ್ಮ ಕಪ್ಪು, ಕಣ್ಣು ಕಪ್ಪು. ಇದು ಬೂದಿನ ವಂಶವಾಹಿಯ ಕೆಲಸ. ಒಂದೇ ಪ್ರತಿ ಸಾಕು, ಮಿಕ್ಕ ಬಣ್ಣಗಳನ್ನೆಲ್ಲ ಕಾಲಕ್ರಮದಲ್ಲಿ ಅದು ನುಂಗಿಬಿಡುವುದು. ಇಂತಹ ಹೆಣ್ಣನ್ನು ಕೆನೆಯ ಗಂಡಿಗೆ ಕೂಡಿಸಿದವನಿಗೆ ಹೊನ್ನಿನ ಮರಿಯೇ ಹುಟ್ಟಿದರೂ, ಆ ಹೊನ್ನು ಕೆಲವು ವರ್ಷಗಳಲ್ಲಿ ನರೆತು ಬಿಳುಪಾಗಿ ಹೋಗುವ ಸಂಭವವುಂಟು. ಇನ್ನು ಕೆಲವು ಕುದುರೆಗಳು ರಂಗಿನ ಕೋಶಗಳೇ ಚರ್ಮವನ್ನು ಸೇರದುದರಿಂದ ಹುಟ್ಟಿನಿಂದಲೇ ಅಚ್ಚಬಿಳುಪು. ಗುಲಾಬಿ ಚರ್ಮವಿದ್ದರೂ ಅವುಗಳ ಕಣ್ಣು ಸಾಮಾನ್ಯವಾಗಿ ಕಪ್ಪು. ಮೂರನೆಯವು ನಮ್ಮ ಕೆನೆಯವು. ಉತ್ತರದ ವ್ಯಾಪಾರಿಗಳು ಬೆಳ್ಳಿಯೆಂಬರ್ಥದ ನುಕ್ರಾ ಎಂಬ ಪಾರಸೀ ಮಾತಿನಲ್ಲಿ ಗುಲಾಬಿ ಚರ್ಮದ ಬಿಳಿಯ ಕುದುರೆಗಳನ್ನು ಒಟ್ಟಾಗಿ ಕರೆಯುವುದರಿಂದ, ಹೆಸರನ್ನು ಕೇಳಿ ಕೊಳ್ಳದೆ, ಕಣ್ಣನ್ನೂ ಚರ್ಮವನ್ನೂ ನೋಡಿ ಕೊಳ್ಳುವುದು ಲೇಸು.

ನೀಲಿಗಣ್ಣಿನ ಕೆನೆಯ ಕುದುರೆಯು ರೋಗಿಯೆಂದೂ ಕುರುಡೆಂದೂ ಹಳ್ಳಿಗಳಲ್ಲಿ ಆಡುವ ಮಾತಿಗೆ ಆಧಾರವಿಲ್ಲ. ಅದರ ದೃಷ್ಟಿ ಚೆನ್ನಾಗಿಯೇ ಇರುವುದು. ಗುಲಾಬಿ ಚರ್ಮಕ್ಕೆ ನಮ್ಮ ಚೈತ್ರ ವೈಶಾಖಗಳ ಬಿಸಿಲು ತಾಗಿ ಸುಡದಂತೆ ನೆರಳನ್ನು ಒದಗಿಸಿದರಾಯಿತು. ಅಮೆರಿಕದ ಕೆಲವು ಮಚ್ಚೆಯ ತಳಿಗಳಲ್ಲಿ, ಕರುಳಿನ ನರಗಳು ಬೆಳೆಯದೆ ಹುಟ್ಟಿದ ಕೆಲವೇ ದಿನಗಳಲ್ಲಿ ಸಾಯುವ ಬಿಳಿಯ ಮರಿಗಳುಂಟು. ಆ ದೋಷ ಬೇರೊಂದು ವಂಶವಾಹಿಯದು, ಕೆನೆಗೂ ಅದಕ್ಕೂ ಸಂಬಂಧವಿಲ್ಲ.

ಹಾಗೆಂದು ಬಣ್ಣವೊಂದನ್ನೇ ಬೆನ್ನಟ್ಟಿ ಹೋಗುವುದು ಕ್ಷೇಮವೆಂದು ತಿಳಿಯಬಾರದು. ಬನ್ನೇರುಘಟ್ಟದಲ್ಲಿ ಬಿಳಿಯ ಹುಲಿಯನ್ನು ನೋಡಿ ಬಂದವರು ನಮ್ಮಲ್ಲಿ ಅನೇಕರಿದ್ದಾರೆ. ಆ ಹುಲಿಯನ್ನು ಬೆಳ್ಳಗೆ ಮಾಡಿರುವುದು ಕುದುರೆಯನ್ನು ಕೆನೆಯಾಗಿಸುವ ವಂಶವಾಹಿಯಲ್ಲಿಯೇ ಆಗಿರುವ ಬೇರೊಂದು ಅಕ್ಷರಪಲ್ಲಟವೆಂದು 2013ರಲ್ಲಿ ತಿಳಿದುಬಂದಿತು. ಹುಲಿಯಲ್ಲಿ ಒಂದು ಪ್ರತಿ ಯಾವ ಗುರುತನ್ನೂ ತೋರುವುದಿಲ್ಲ, ಎರಡು ಕೂಡಿದಾಗ ಮಾತ್ರ ಬಿಳುಪು. ಅದಕ್ಕಾಗಿ, 1951ರಲ್ಲಿ ರೀವಾದ ಕಾಡಿನಲ್ಲಿ ಹಿಡಿದ ಮೋಹನನೆಂಬ ಒಂದು ಗಂಡಿನ ಸಂತಾನವನ್ನು ಮತ್ತೆ ಮತ್ತೆ ತಮ್ಮತಮ್ಮೊಳಗೆ ಕೂಡಿಸಿ ಬಿಳುಪನ್ನು ಉಳಿಸಿಕೊಂಡರು, ಅದರ ಬೆನ್ನಿಗೇ ಮೆಳ್ಳೆಗಣ್ಣು ಮೊದಲಾದ ದೌರ್ಬಲ್ಯಗಳನ್ನೂ ಬರಮಾಡಿಕೊಂಡರು. ಕುದುರೆಯವನಿಗೆ ಆ ಒತ್ತಾಯವಿಲ್ಲ. ಕ್ರೆಮೆಲೊ ಗಂಡೊಂದಿದ್ದರೆ, ಅದಕ್ಕೆ ರಕ್ತಸಂಬಂಧವೇ ಇಲ್ಲದ, ಕಾಲು ಗಟ್ಟಿಯಾದ, ಉಸಿರು ದೊಡ್ಡದಾದ, ಸ್ವಭಾವ ಸಾಧುವಾದ ಯಾವ ಕೆಂಗಂದು ಹೆಣ್ಣನ್ನು ತಂದರೂ ಬಣ್ಣ ತಾನಾಗಿ ಬರುವುದು. 

ಸಂಜೆ ನಾನು ಹೊರಡುವ ಹೊತ್ತಿಗೆ ಅವರು ಲಾಯದೊಳಗೆ ಹೋಗಿದ್ದರು. ಹೊನ್ನಿನ ಹೆಣ್ಣು ಎಂದಿನಂತೆ ಬಾಗಿಲಿಗೆ ಕತ್ತು ಚಾಚಿ ನಿಂತಿತ್ತು. ಅವರು ಅದನ್ನು ದಾಟಿ ಒಳಗಿನ ಕಟ್ಟಿಗೆ ಹೋಗಿ, ನೆನೆಸಿದ ಹುರುಳಿಯ ಬಕೆಟ್ಟನ್ನು ಮುಂದಿಟ್ಟು, ಗೊರಸನ್ನು ಎತ್ತಿ ನೋಡಿದರು, ತುಟಿಯನ್ನು ಬಿಡಿಸಿ ಹಲ್ಲು ನೋಡಿದರು. “ಹನ್ನೊಂದು ತಿಂಗ್ಳು ಗಬ್ಬ ಅಲ್ವಾ ಸ್ವಾಮಿ?” ಎಂದು ಕೇಳಿ, ನಾನು ಹೌದೆಂದ ಮೇಲೆ ಬೆರಳು ಮಡಿಸಿ ಎಣಿಸಿದರು. ಆಮೇಲೆ, ನಾನು ಅವರ ಬಾಯಿಂದ ಅದುವರೆಗೆ ಕೇಳಿರದ ಒಂದು ಹೆಸರನ್ನು ಮೆಲ್ಲನೆ ಕರೆದರು: “ಕೆಂಪೀ, ಬಾ ಇತ್ಲಾಗೆ.”